ಎಡ ಮೂಲೆಯವನು ತೂಕಕ್ಕೆ ನಿಂತದ್ದು

ಸವಣೂರಿನಲ್ಲಿ ಜನ ನನ್ನನ್ನು ಎರಡು ಕಾರಣಕ್ಕೆ ಗುರುತಿಸುತ್ತಾರೆ. ಒಂದು, ನಾನು ಕರಿಯುವ ಖಾರಾ, ಸೇವು ಶೇಂಗಾ ಬೆರೆಸಿದ ಕುರುಕು ತಿಂಡಿ. ಇನ್ನೊಂದು, ಕಬಡ್ಡಿಯಲ್ಲಿ ನಾನು ಹಿಡಿಯುವ ಕಾಲು. ಖಾರಾ ಕರಿಯುವವರಿಗೆ ನಮ್ಮೂರಿನಲ್ಲಿ ಬರವಿಲ್ಲ, ಓಣಿಗೊಬ್ಬರು ಸಿಗುತ್ತಾರೆ. ನಾನು ನಾಳೆ ಒಲೆ ಆರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ಕಾಲು ಹಿಡಿಯುವವನು ಮಾತ್ರ ನಾನೊಬ್ಬನೇ ಎಂದು ನಂಬಿಕೊಂಡು ಅರ್ಧ ಆಯುಷ್ಯ ಕಳೆದೆ.

ಕಬಡ್ಡಿ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಎದುರಿನ ತಂಡದಿಂದ ಒಬ್ಬ ರೈಡರ್ ಉಸಿರು ಕಟ್ಟಿಕೊಂಡು ನಮ್ಮ ಅಂಕಣಕ್ಕೆ ಬರುತ್ತಾನೆ. ನಮ್ಮ ಏಳು ಜನರಲ್ಲಿ ಯಾರನ್ನಾದರೂ ಮುಟ್ಟಿ ಮಧ್ಯದ ಗೆರೆಗೆ ವಾಪಸು ಹೋದರೆ ಅಂಕ ಅವರಿಗೆ; ಹೋಗಗೊಡದೆ ಹಿಡಿದರೆ ನಮಗೆ. ನನ್ನ ಜಾಗ ಎಡ ಮೂಲೆ. ಅಲ್ಲಿ ನಿಂತವನ ಕೆಲಸ ಬಗ್ಗಿ ಕಾಯುವುದು, ರೈಡರ್‌ನ ಕಾಲು ಒಳಗೆ ಬಂದ ಕ್ಷಣ ಕಣಕಾಲನ್ನು ಎರಡೂ ಕೈಯಲ್ಲಿ ಹಿಡಿಯುವುದು, ಉಳಿದವರು ಬಂದು ಮೇಲೆ ಬೀಳುವ ತನಕ ಬಿಡದಿರುವುದು. ನನಗೆ ಆಟ ಕಲಿಸಿದ ಹಿರಿಯರೊಬ್ಬರು ಒಂದೇ ಮಾತನ್ನು ಸಾವಿರ ಸಲ ಹೇಳುತ್ತಿದ್ದರು. "ಎಳಿಯೋ ಕಾಲು ಹಿಡಿಯೋ ತಮ್ಮಾ. ಸುಮ್ನ ನಿಂತ ಕಾಲು ಯಾರ್ ಬೇಕಾದ್ರೂ ಹಿಡೀತಾರ." ನಾನು ಎಳೆಯುವ ಕಾಲುಗಳನ್ನೇ ಹಿಡಿದೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಕಡೆಯ ಮಣ್ಣಿನಲ್ಲಿ ಹಿಡಿದೆ. ನನ್ನ ಕೈಗೆ ಸಿಕ್ಕವನ ಕಣಕಾಲಿನ ಮೇಲೆ ಮರುದಿನವೂ ಬೆರಳಿನ ಗುರುತು ಕೆಂಪಗೆ ಉಳಿಯುತ್ತಿತ್ತು. ಸೋತವರೇ ಪ್ಯಾಂಟು ಮೇಲೆತ್ತಿ ಅದನ್ನು ತೋರಿಸಿ ನಗುತ್ತಿದ್ದರು. ಆ ಗುರುತು ನನ್ನ ಸಹಿ ಎಂಬ ಜಂಬ ನನಗಿತ್ತು.

ಆಗ ಎಲ್ಲರೂ ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಯಾವಾಗ ಕಾಕಾ ಆದೆನೋ ತಿಳಿಯಲಿಲ್ಲ. ಒಂದು ದಿನ ಒಬ್ಬ ಅಂದ, ಮರುದಿನ ಇಡೀ ತಂಡ ಅಂದಿತು. ನಲವತ್ತು ದಾಟಿದ ಮೇಲೆ ಬಲ ಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ. ಎಡಗೈ ಕಿರುಬೆರಳು ಎಷ್ಟು ಸಲ ಕಳಚಿದೆಯೆಂದರೆ ಈಗ ಅದು ತನಗೆ ತೋಚಿದ ದಿಕ್ಕಿಗೆ ನೋಡುತ್ತದೆ. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಹೊಟ್ಟೆ.

ಯಾಕೆಂದರೆ ನಮ್ಮ ಕಡೆ ಹೆಚ್ಚಿನ ಪಂದ್ಯಾವಳಿಗಳು ತೂಕದ ಮೇಲೆ ನಡೆಯುತ್ತವೆ. ಅರವತ್ತು ಕೆಜಿಯೊಳಗಿನವರದು ಒಂದು ವಿಭಾಗ, ಅದರ ಮೇಲಿನವರದು ಇನ್ನೊಂದು. ಮೇಲಿನ ವಿಭಾಗದಲ್ಲಿ ಆಡುವವರು ಎತ್ತುಗಳಂಥವರು, ನನ್ನಷ್ಟು ಗಿಡ್ಡನ ಮೇಲೆ ಒಬ್ಬ ಬಿದ್ದರೂ ಕಥೆ ಮುಗಿಯಿತು. ಹಾಗಾಗಿ ಅರವತ್ತರ ಬಾಗಿಲು ಬಿಟ್ಟರೆ ನನಗೆ ಬೇರೆ ಬಾಗಿಲಿಲ್ಲ. ಹರೆಯದಲ್ಲಿ ಎಷ್ಟು ತಿಂದರೂ ಐವತ್ತೇಳರ ಮೇಲೆ ಹೋಗದ ದೇಹ ಈಗ ಗಾಳಿ ಕುಡಿದರೂ ಉಬ್ಬುತ್ತದೆ. ಪ್ರತಿ ಪಂದ್ಯಾವಳಿಗೆ ಮುಂಚೆ ನಾನು ಉಪವಾಸ ಬೀಳುತ್ತೇನೆ. ದೇವರಿಗಾಗಿ ಇಷ್ಟು ಉಪವಾಸ ಮಾಡಿದ್ದರೆ ಈ ಹೊತ್ತಿಗೆ ಆತ ಎದುರಿಗೆ ಬಂದು ನಿಲ್ಲುತ್ತಿದ್ದ.

ಹೋದ ಚಳಿಗಾಲದಲ್ಲಿ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಿಂದ ಪಂದ್ಯಾವಳಿಯ ಪೋಸ್ಟರ್ ನಮ್ಮ ವಾಟ್ಸಾಪ್ ಗುಂಪಿಗೆ ಬಂತು. ಅದೇ ದಿನ ನಮ್ಮ ಕ್ಯಾಪ್ಟನ್ ಅಂಗಡಿಗೆ ಬಂದ. ಅವನು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾನೆ, ನನಗಿಂತ ಹದಿನೈದು ವರ್ಷ ಚಿಕ್ಕವನು. ಬಿಸಿ ಖಾರಾ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನನ್ನ ಮುಖ ಬಿಟ್ಟು ಒಲೆಯನ್ನು ನೋಡುತ್ತ ಮಾತಾಡಿದ.

"ಕಾಕಾ, ಶಿಗ್ಗಾಂವಿ ಕಾಲೇಜಿನವ ಒಬ್ಬ ಸಿಕ್ಕಾನ್ರಿ. ಎಡಕ್ಕ ಆಡ್ತಾನ. ಚಲೋ ಹಿಡೀತಾನ."

ನಾನು ಎಣ್ಣೆಯಲ್ಲಿ ಸೇವು ತಿರುವುತ್ತಿದ್ದೆ.

"ನೀವು ತೂಕದಾಗ ಬಂದ್ರ ಈ ಸಲ ನೀವ ಆಡ್ರಿ. ಆದ್ರ ಕಾಕಾ, ಹಿಂದಿನ ಮೂರೂ ಟೂರ್ನಮೆಂಟಿನ್ಯಾಗ ನೀವು ಒಂದೂ ಕಾಲು ಹಿಡಿದಿಲ್ರಿ. ಹುಡುಗ್ರು ಮಾತಾಡಾಕತ್ತಾರ. ಈ ಸಲ ಒಂದರೆ ಹಿಡಿದು ತೋರಸ್ರಿ. ಇಲ್ಲಂದ್ರ ಮುಂದ ಹೊರಗ ಕುಂತು ನಮಗ ಮಾರ್ಗದರ್ಶನ ಮಾಡ್ರಿ."

ಮಾರ್ಗದರ್ಶನ! ಆ ಮಾತು ಕೇಳಿ ಸೌಟನ್ನು ಅವನ ತಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ, ಯಾಕೆಂದರೆ ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆ ಮೂಲೆ ಹೋದರೆ ನನಗೆ ಉಳಿಯುವುದು ಈ ಒಲೆ, ಈ ಎಣ್ಣೆ, ಸಂಜೆ ಆದರೆ ಕಟ್ಟೆಯ ಮೇಲೆ ಕುಳಿತು ಸಕ್ಕರೆ ಕಾಯಿಲೆಯ ಮಾತಾಡುವ ನನ್ನ ವಾರಿಗೆಯವರು. ಅವರಲ್ಲಿ ಒಬ್ಬನಾಗುವುದಕ್ಕೆ ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ.

ಅವತ್ತಿನಿಂದ ರೊಟ್ಟಿ ಬಿಟ್ಟೆ. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಮಧ್ಯಾಹ್ನ ಸೌತೆಕಾಯಿ, ಸಂಜೆಗೆ ಏನೂ ಇಲ್ಲ. ಹಸಿದವನು ಖಾರಾ ಕರಿಯುವುದೆಂದರೆ ಏನೆಂದು ಹಸಿಯದೆ ತಿಳಿಯುವುದಿಲ್ಲ. ಶೇಂಗಾ ಹುರಿದ ವಾಸನೆ, ಎಣ್ಣೆಗೆ ಬಿದ್ದ ಕರಿಬೇವು, ಬೆಳ್ಳುಳ್ಳಿ. ಕಣ್ಣಲ್ಲಿ ನೀರು ಬರುತ್ತಿತ್ತು, ಗಿರಾಕಿಗಳು ಅದು ಹೊಗೆಯ ಕಾರಣ ಅಂದುಕೊಂಡರು. ಗಲ್ಲಾದ ಮೇಲೆ ಕುಳಿತ ಹೆಂಡತಿ ಎಲ್ಲ ನೋಡುತ್ತಿದ್ದಳು. ಮೊದಲು ಬೈದಳು, ಆಮೇಲೆ ಚೇಷ್ಟೆ ಮಾಡಿದಳು.

"ಮಗಳಿಗೆ ವರ ನೋಡೋ ವಯಸ್ಸಿನ್ಯಾಗ ಯಾರ್ ಕಾಲ್ ಹಿಡಿಯಾಕ ಹೊಂಟೀರಿ?"

"ಸಿಕ್ಕವರ ಕಾಲು" ಎಂದೆ.

ಅವಳು ನಕ್ಕಳು. ನಂತರ ನನ್ನ ಮುಖವನ್ನೇ ನೋಡಿ ನಗು ನಿಲ್ಲಿಸಿದಳು. "ಗಲ್ಲ ಒಳಗ ಹೋಗ್ಯಾವ್ರಿ. ಏನರೆ ಆದ್ರ ನಾ ಏನ್ ಮಾಡ್ಲಿ?" ಎಂದಳು. ನಾನು ಕಡಲೆಹಿಟ್ಟು ಕಲಸಲು ಒಳಗೆ ಹೋದೆ.

ಪಂದ್ಯದ ಹಿಂದಿನ ಸಂಜೆ ಔಷಧದ ಅಂಗಡಿಯ ಮುಂದಿನ ಯಂತ್ರದ ಮೇಲೆ ನಿಂತೆ. ಮುಳ್ಳು ಅರವತ್ತರ ಕೆಳಗೆ ನಿಂತಿತು. ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದ. ಗೆದ್ದೆ ಅಂದುಕೊಂಡೆ.

ಆದರೆ ನಮ್ಮ ತಂಡಕ್ಕೊಂದು ಹಳೆಯ ಪದ್ಧತಿ ಇದೆ. ಸವಣೂರಿನ ತಂಡ ಬಂತೆಂದರೆ ಖಾರಾ ಬಂತೆಂದು ಅರ್ಥ. ಎಲ್ಲಿಗೆ ಹೋದರೂ ಸಂಘಟಕರಿಗೆ, ಎದುರಾಳಿಗಳಿಗೆ ಹಂಚಲು ಒಂದು ದೊಡ್ಡ ಚೀಲ ಒಯ್ಯುತ್ತೇವೆ, ಅದನ್ನು ಕರಿಯುವವನು ನಾನೇ. ಬೆಳಿಗ್ಗೆ ಬೇಗ ಎದ್ದು ಒಲೆ ಹೊತ್ತಿಸಿದೆ. ಪ್ರತಿ ಕಡಾಯಿ ಇಳಿಸಿದಾಗ ಉಪ್ಪು ಖಾರ ನೋಡಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದು ಈ ಕಸುಬಿನವರ ಕೈಗೆ ಅಂಟಿದ ಚಟ. ಕೈ ಹೋದದ್ದು ನನಗೆ ತಿಳಿಯಲೇ ಇಲ್ಲ. ಉಪ್ಪು ಒಳಗೆ ಹೋದ ಮೇಲೆ ಒಲೆಯ ಮುಂದೆ ಬಾಯಿ ಒಣಗಿತು, ತಂಬಿಗೆ ಎತ್ತಿ ನೀರು ಕುಡಿದೆ. ಮತ್ತೊಂದು ಕಡಾಯಿ, ಮತ್ತೊಂದು ಚಿಟಿಕೆ, ಮತ್ತೆ ನೀರು. ಇಷ್ಟು ದಿನ ಹಸಿವನ್ನು ಕಟ್ಟಿ ಹಾಕಿದವನು ಎರಡು ತಾಸಿನಲ್ಲಿ ಎಲ್ಲವನ್ನೂ ಒಲೆಗೆ ಹಾಕಿದೆ, ಅದೂ ಗೊತ್ತಿಲ್ಲದೆ.

ಬಾಡಿಗೆ ಗಾಡಿಯಲ್ಲಿ ಹೊರಟೆವು. ಶಿಗ್ಗಾಂವಿಯ ಹೈವೇ ಸೇತುವೆಯ ಕೆಳಗೆ ಆ ಕಾಲೇಜಿನವನು ಹತ್ತಿದ. ತೆಳ್ಳಗೆ, ಎತ್ತರಕ್ಕೆ, ಉದ್ದ ತೋಳಿನವನು. "ನಮಸ್ಕಾರ್ರಿ ಕಾಕಾ" ಎಂದು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟ. ಮುದುಕರಿಗೆ ಬಿಡುವ ಹಾಗೆ. ಹಾನಗಲ್ಲು ದಾಟುವವರೆಗೂ ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಬೆರಳುಗಳೆಲ್ಲ ನೆಟ್ಟಗಿದ್ದವು.

ಹಳ್ಳಿಯ ಶಾಲೆಯ ಮೈದಾನದಲ್ಲಿ ಗೋವಿನಜೋಳದ ಚೀಲ ತೂಗುವ ಕಾಟಾ ತಂದು ಇಟ್ಟಿದ್ದರು. ಹುಡುಗರು ಚಡ್ಡಿಯ ಮೇಲೆ ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಿದ್ದರು. ತೂಕ ಸರಿ ಇದ್ದವರ ಮುಂಗೈಗೆ ಮೇಷ್ಟ್ರೊಬ್ಬರು ನೇರಳೆ ಮಸಿಯ ಠಸ್ಸೆ ಒತ್ತುತ್ತಿದ್ದರು. ನಾನು ಹತ್ತಿದೆ. ಕೆಂಪು ಅಂಕಿ ಓಡಿ ಓಡಿ ನಿಂತಿತು. ಅರವತ್ತರ ಮೇಲೆ ಅರ್ಧ ಕಿಲೋ.

"ಕಾಟಾ ತಪ್ಪೈತ್ರಿ" ಎಂದೆ.

"ಎಲ್ಲಾರಿಗೂ ಇದ ಕಾಟಾ ಐತ್ರೆಪಾ. ಒಂದ್ ತಾಸು ಟೈಮ್ ಐತಿ, ಇಳಿಸ್ಕೊಂಡು ಬರ್ರಿ" ಎಂದರು ಮೇಷ್ಟ್ರು.

ಕ್ಯಾಪ್ಟನ್ ನನ್ನನ್ನು ನೋಡಿದ. "ನಿನ್ನೆ ಸರಿ ಇತ್ತಲ್ರಿ ಕಾಕಾ?" ಆಗ ನನಗೆ ನಾಲಿಗೆಯ ಮೇಲಿನ ಉಪ್ಪು ನೆನಪಾಯಿತು.

ಅಂದು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಲ್ಲರ ಜರ್ಕಿನ್‌ಗಳನ್ನು ಒಂದರ ಮೇಲೊಂದು ಹಾಕಿಕೊಂಡು, ಬಿಸಿಲಿನಲ್ಲಿ ಊರ ಹೊರಗಿನ ದಾರಿಯುದ್ದಕ್ಕೂ ಓಡಿದೆ. ನೀರೂರಲೆಂದು ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು, ಊರಿದ್ದನ್ನೆಲ್ಲ ಉಗುಳುತ್ತ ಓಡಿದೆ. ಹೊಲದಲ್ಲಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಮೊಣಕಾಲು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ವಾಪಸು ಬಂದು ಕಾಟಾ ಹತ್ತಿದರೆ ಇನ್ನೂ ಸ್ವಲ್ಪ, ಒಂದು ಹಿಡಿ ಖಾರಾದಷ್ಟು ಹೆಚ್ಚು. ಮೈಯಲ್ಲಿ ಇನ್ನು ಬೆವರು ಉಳಿದಿರಲಿಲ್ಲ.

ಮೈದಾನದ ಎದುರಿಗೆ ಕ್ಷೌರದ ಅಂಗಡಿಯೊಂದಿತ್ತು. ಒಳಗೆ ಹೋಗಿ ಕುಳಿತೆ.

"ತಲಿ ಬೋಳಸ್ರಿ" ಎಂದೆ. "ಮೀಸಿನೂ ತಗೀರಿ."

ಕ್ಷೌರದವರ ಮುಖ ಸಪ್ಪಗಾಯಿತು. ನಮ್ಮಲ್ಲಿ ಗಂಡಸು ತಲೆ, ಮೀಸೆ ಎರಡನ್ನೂ ಒಟ್ಟಿಗೆ ತೆಗೆಸುವುದು ಹೆತ್ತವರು ಹೋದಾಗ. "ಅಯ್ಯ, ಯಾವಾಗ ಹೋದ್ರು?" ಎಂದು ಮೆಲ್ಲಗೆ ಕೇಳಿದರು. ನಾನು ತಲೆ ಬಗ್ಗಿಸಿದೆ. ಅವರು ಮತ್ತೇನೂ ಕೇಳದೆ ಕತ್ತಿ ಹಚ್ಚಿದರು.

ಬಾಗಿಲಲ್ಲಿ ಯಾರೋ ನಿಂತಿದ್ದರು. ಇಪ್ಪತ್ತೆರಡು ಇಪ್ಪತ್ಮೂರರ ತರುಣ, ಮುಂಗೈಯಲ್ಲಿ ನೇರಳೆ ಠಸ್ಸೆ. ನಾನು ಹೊರಗೆ ಬರುತ್ತಲೇ ಬಗ್ಗಿ ನನ್ನ ಕಾಲು ಮುಟ್ಟಿದ.

"ನಾ ಹಾನಗಲ್ ಟೀಮಿನ ರೈಡರ್ ರಿ. ನೀವು ಸವಣೂರಿನ ಎಡ ಮೂಲಿಯವ್ರಲ್ಲೇನ್ರಿ ಕಾಕಾ? ನಮ್ಮಪ್ಪನೂ ಆಡ್ತಿದ್ದ. ನೀವು ಅವನ ಕಾಲು ಹಿಡಿದಿದ್ದು ಇನ್ನೂ ಹೇಳ್ತಾನ್ರಿ. ವಾರಗಟ್ಟಲೆ ಬೆರಳಿನ ಗುರುತು ಹೋಗಿರ್ಲಿಲ್ಲಂತ."

ಆ ಹೊತ್ತಿನಲ್ಲಿ, ಆ ಹಸಿವಿನಲ್ಲಿ, ಆ ಮಾತು ನನ್ನನ್ನು ಒಡೆಯಿತು. ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಎಂದೂ ಕಾಣದ ಆ ತರುಣನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಉಪವಾಸ, ಉಪ್ಪು, ಶಿಗ್ಗಾಂವಿಯವನು, ಕ್ಯಾಪ್ಟನ್ನನ ಮಾತು. "ಇವತ್ತು ಒಂದು ಕಾಲು ಹಿಡೀಲಿಲ್ಲಂದ್ರ ನನ್ನ ಆಟ ಮುಗೀತಪಾ" ಎಂದೆ. ಅವನು ನೆಲ ನೋಡುತ್ತ ಕೇಳಿದ. ತನ್ನ ಟವೆಲ್ಲು ಕೊಟ್ಟು, "ಒರಸ್ಕೋರಿ ಕಾಕಾ" ಎಂದು ಹೋದ. ಮಾತು ಮುಗಿದ ಮೇಲಷ್ಟೇ ನೆನಪಾಯಿತು, ನಮ್ಮ ಮೊದಲ ಪಂದ್ಯ ಹಾನಗಲ್ಲಿನವರ ಮೇಲೆಯೇ ಇತ್ತು.

ಮೂರನೇ ಸಲ ಕಾಟಾ ಹತ್ತಿದಾಗ ಬೋಳು ತಲೆಯ ನನ್ನನ್ನು ಕಂಡು ಮೇಷ್ಟ್ರ ಕೈಯಲ್ಲಿದ್ದ ಠಸ್ಸೆ ಹಾಗೇ ನಿಂತಿತು. ನನ್ನ ಸುತ್ತ ಚಾದರ ಹಿಡಿಸಿ ಚಡ್ಡಿಯನ್ನೂ ಬಿಚ್ಚಿಸಿದರು. ಅಂಕಿ ಸರಿಯಾಗಿ ಅರವತ್ತಕ್ಕೆ ನಿಂತಿತು. ಠಸ್ಸೆ ಬಿತ್ತು. ನಮ್ಮ ಹುಡುಗರು ಕೂಗಿದರು. ನನಗೆ ಕೂಗು ದೂರದಿಂದ ಕೇಳಿಸಿದಂತಿತ್ತು.

ಅಂಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಎಡ ಮೂಲೆಯಲ್ಲಿ ನಿಂತೆ. ನಿಂತಾಗಲೇ ತಿಳಿಯಿತು, ಈ ದೇಹದಲ್ಲಿ ಏನೂ ಉಳಿದಿಲ್ಲ. ತೂಕ ಇಳಿಸಲು ಹೋಗಿ ಶಕ್ತಿಯನ್ನೆಲ್ಲ ದಾರಿಯಲ್ಲಿ ಉಗುಳಿ ಬಂದಿದ್ದೆ. ಹಾನಗಲ್ಲಿನ ಆ ತರುಣ ರೈಡಿಗೆ ಬಂದ. ಚಿಗರೆಯಂಥ ಆಟ ಅವನದು. ನಾನು ಬಗ್ಗಿ ಕೈ ಚಾಚುವಷ್ಟರಲ್ಲಿ ನನ್ನ ಬೋಳು ತಲೆಯನ್ನೇ ಮುಟ್ಟಿ ವಾಪಸು ಹೋಗಿದ್ದ. ಜನ ನಕ್ಕರು. ನಾನು ಔಟಾಗಿ ಹೊರಗೆ ಕುಳಿತೆ, ನಮ್ಮವರು ಅಂಕ ಗಳಿಸಿದಾಗ ಮತ್ತೆ ಒಳಗೆ ಬಂದೆ. ಎರಡನೆಯ ಸಲ ಅವನ ಕಾಲು ಕೈಗೆ ಸಿಕ್ಕಿತು, ಆದರೆ ಅವನು ಒಂದೇ ಸಲ ಜಗ್ಗಿದ, ನನ್ನ ಬೆರಳುಗಳು ಹಸಿ ಹಗ್ಗದಂತೆ ಬಿಚ್ಚಿಕೊಂಡವು. ಮಣ್ಣಿನಲ್ಲಿ ಮುಖ ಊರಿ ಬಿದ್ದೆ.

ವಿರಾಮದಲ್ಲಿ ಕ್ಯಾಪ್ಟನ್ ನನ್ನ ಪಕ್ಕ ಬಂದು ನಿಂತ. ಶಿಗ್ಗಾಂವಿಯವನು ಆಗಲೇ ಮೈ ಸಡಿಲಿಸಿಕೊಳ್ಳುತ್ತಿದ್ದ.

"ಕಾಕಾ, ಸಾಕ ಮಾಡ್ರಿ."

"ಇನ್ನೊಂದ್ ರೈಡ್. ಒಂದ ಒಂದು. ನಿಮ್ಮವ್ವನ ಮ್ಯಾಲ ಆಣಿ ಮಾಡ್ಸು ಬೇಕಾದ್ರ" ಎಂದೆ. ಏನು ಮಾತಾಡುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಅವನು ನಿಟ್ಟುಸಿರು ಬಿಟ್ಟು ಒಂದು ಬೆರಳು ತೋರಿಸಿದ.

ಮತ್ತೆ ಅದೇ ತರುಣ ಬಂದ. ಕಬಡ್ಡಿ ಕಬಡ್ಡಿ ಎನ್ನುತ್ತ ಬಲಕ್ಕೆ ಹೋದ, ನಡುವೆ ಸುಳಿದ, ಎಡಕ್ಕೆ ತಿರುಗಿದ. ನನ್ನ ಮುಂದೆ ಬಂದು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಕಾಲನ್ನು ಚಾಚಿದ. ನಾನು ಬಿದ್ದೆ, ಹಿಡಿದೆ. ಎರಡೂ ಕೈ ಕಣಕಾಲಿನ ಸುತ್ತ ಸೇರಿದವು. ಈಗ ಎಳೆಯುತ್ತಾನೆ ಎಂದು ಹಲ್ಲು ಕಚ್ಚಿದೆ.

ಅವನು ಎಳೆಯಲಿಲ್ಲ.

ಎಷ್ಟೋ ಕಾಲು ಹಿಡಿದ ಕೈ ಇದು. ಹೋಗಬೇಕೆನ್ನುವ ಕಾಲಿನ ನರ ಹೇಗೆ ಬಿಗಿಯುತ್ತದೆ ಎಂದು ಇದಕ್ಕೆ ಗೊತ್ತು. ನನ್ನ ಕೈಯಲ್ಲಿದ್ದದ್ದು ಸುಮ್ಮನೆ ನಿಂತ ಕಾಲು. ಮುಖ ಎತ್ತಿದೆ. ಅವನು ಗೆರೆಯ ಕಡೆ ಕೈ ಚಾಚಿ ಒದ್ದಾಡುವಂತೆ ಮಾಡುತ್ತಿದ್ದ, ಜನರಿಗೆ ಕಾಣಲಿ ಎಂದು.

"ಎಳಿಯೋ" ಎಂದೆ ಮೆಲ್ಲಗೆ. "ನನ್ನಾಣಿ, ಎಳಿಯೋ."

ಅವನು ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದ್ದ. ಅಷ್ಟರಲ್ಲಿ ನಮ್ಮವರೆಲ್ಲ ಬಂದು ಅವನ ಮೇಲೆ ಬಿದ್ದರು. ರೆಫರಿ ಸೀಟಿ ಊದಿದರು. ಮೈದಾನದ ತುಂಬ ಚಪ್ಪಾಳೆ, ಶಿಳ್ಳೆ. ಕ್ಯಾಪ್ಟನ್ ನನ್ನನ್ನು ಎತ್ತಿ ತಿರುಗಿಸಿದ. "ಕಾಕಾ! ಕಾಕಾ!" ಎಂದು ಎಲ್ಲರೂ ಕೂಗಿದರು, ಶಿಗ್ಗಾಂವಿಯವನೂ ಕೂಗಿದ. ಪಂದ್ಯವನ್ನು ನಾವು ಸೋತೆವು, ಆದರೆ ಅದು ಯಾರಿಗೂ ನೆನಪಿರಲಿಲ್ಲ.

ಆಟ ಮುಗಿದ ಮೇಲೆ ಶಾಲೆಯ ನಳದ ಹತ್ತಿರ ಅವನು ಕಾಲು ತೊಳೆಯುತ್ತಿದ್ದ. ಖಾರಾದ ಒಂದು ದೊಡ್ಡ ಪೊಟ್ಟಣ ಹಿಡಿದು ಅಲ್ಲಿಗೆ ಹೋದೆ.

"ಯಾಕ ಎಳೀಲಿಲ್ಲ?"

"ಎಳದೆ ರಿ. ಹಿಡಿತ ಭಾಳ ಬಿಗಿ ಇತ್ರಿ ಕಾಕಾ" ಎಂದ. ನನ್ನ ಮುಖ ನೋಡಲಿಲ್ಲ.

ನಾನು ಅವನ ಕಣಕಾಲು ನೋಡಿದೆ. ಮಣ್ಣೆಲ್ಲ ಹೋಗಿ ಚೊಕ್ಕವಾಗಿತ್ತು. ನನ್ನ ಬೆರಳಿನ ಒಂದು ಗುರುತೂ ಇರಲಿಲ್ಲ. ಅವನಿಗೂ ಅದು ತಿಳಿಯಿತು, ಕಾಲನ್ನು ಹಿಂದಕ್ಕೆ ಸರಿಸಿ ಟವೆಲ್ಲಿನಿಂದ ಮುಚ್ಚಿದ.

ಅವನಿಗೆ ಹೇಳಬೇಕಾದದ್ದು ಬಹಳ ಇತ್ತು. ಭಿಕ್ಷೆ ಹಾಕಿದೆಯಲ್ಲೋ ಎಂದು ಬೈಯಬೇಕಿತ್ತು. ಹೋಗಿ ನಮ್ಮ ಕ್ಯಾಪ್ಟನ್ನನಿಗೆ ನಿಜ ಹೇಳಬೇಕಿತ್ತು. ಪೊಟ್ಟಣವನ್ನು ಅವನ ಕೈಗಿಟ್ಟೆ.

"ನಿಮ್ಮಪ್ಪಗ ಕೊಡು. ಅವ ಕೇಳಿದ್ರ ಏನ್ ಹೇಳ್ತಿ?"

"ಸವಣೂರಿನ ಕಾಕಾ ನನ್ನ ಕಾಲೂ ಹಿಡಿದ್ರು ಅಂತ ಹೇಳ್ತೇನ್ರಿ."

"ಹಂಗ ಹೇಳು" ಎಂದೆ. ಧ್ವನಿ ನನ್ನದೆಂದು ನನಗೇ ಅನ್ನಿಸಲಿಲ್ಲ. "ಹಂಗ ಹೇಳಪಾ. ಬ್ಯಾರೆ ಏನೂ ಹೇಳಬ್ಯಾಡ."

ವಾಪಸು ಬರುವಾಗ ಗಾಡಿಯಲ್ಲಿ ಎಲ್ಲರೂ ಖಾರಾ ತಿನ್ನುತ್ತ ಹಾಡುತ್ತಿದ್ದರು. ಕ್ಯಾಪ್ಟನ್ ಮುಂದಿನ ಸೀಟಿನಿಂದ ತಿರುಗಿದ. "ಕಾಕಾ, ಮುಂದಿನ ತಿಂಗಳ ಹಾನಗಲ್ಲಾಗ ಐತ್ರಿ. ಎಡಕ್ಕ ನೀವ. ಮಾತ ಇಲ್ಲ. ಬರ್ತೀರಲ್ಲಾ?" ಶಿಗ್ಗಾಂವಿಯವನು ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಉದ್ದ ಬೆರಳುಗಳು ತೊಡೆಯ ಮೇಲಿದ್ದವು.

"ಬರ್ತೇನಿ" ಎಂದೆ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆ. ಹೆಂಡತಿ ಬಾಗಿಲಿಗೆ ಬಂದವಳು ನನ್ನ ಬೋಳು ತಲೆ, ಮೀಸೆಯಿಲ್ಲದ ತುಟಿ ನೋಡಿ ಚೌಕಟ್ಟು ಹಿಡಿದು ನಿಂತಳು.

"ಯಾರು ಹೋದ್ರು?" ಎಂದಳು.

"ಯಾರೂ ಇಲ್ಲ" ಎಂದೆ. "ಒಂದು ಕಾಲು ಹಿಡಿದೆ."

ಅವಳು ತಾಟು ಇಟ್ಟು, ಬಿಸಿ ರೊಟ್ಟಿ ಎರಡು ಹಾಕಿ, ಬದನೆಕಾಯಿ ಪಲ್ಯ ಬಡಿಸಿ, ಎದುರಿಗೆ ಕುಳಿತಳು. ನಾನು ಒಂದು ರೊಟ್ಟಿಯನ್ನು ತೆಗೆದು ವಾಪಸು ಬುಟ್ಟಿಗೆ ಹಾಕಿದೆ.